ಕಣಜದ ಗೂಡಿಗೊಂದು ಟೋಪಿ

ಮಾರ್ಚ್ 3, ಮಂಗಳವಾರ

ಐದನೇ ತರಗತಿಗೆ ಶಾಲೆ ಬಿಟ್ಟಾಗ ಇನ್ನು ಕಾಪಿ ಬರೆಯುವ ಪೀಡೆ ತಪ್ಪಿತು ಎಂದುಕೊಂಡಿದ್ದೆ. ಈ ವಯಸ್ಸಿನಲ್ಲಿ ಅದು ಮತ್ತೆ ಗಂಟುಬಿದ್ದಿದೆ. ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹುಡುಗಿ ನನ್ನ ಬಲಗೈ ಮಣಿಕಟ್ಟನ್ನು ಹಿಂಡಿ ಹಿಪ್ಪೆ ಮಾಡಿ, ದಿನಾ ಒಂದು ಪುಟ ಬರೆಯಿರಿ ಅಜ್ಜಿ, ಬೆರಳು ಸಡಿಲವಾಗುತ್ತವೆ ಎಂದಳು. ಏನು ಬರೆಯಲಿ ಎಂದರೆ ಮನಸ್ಸಿಗೆ ಬಂದದ್ದು ಬರೆಯಿರಿ, ನಾನೇನೂ ಓದುವುದಿಲ್ಲ, ಪುಟ ತುಂಬಿದೆಯೇ ಎಂದಷ್ಟೇ ನೋಡುತ್ತೇನೆ ಎಂದಳು. ಓದದವಳ ಮುಂದೆ ಬರೆಯುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಮನಸ್ಸಿಗೆ ಬಂದದ್ದು ಇಷ್ಟು. ನಾನು ದರ್ಜಿ. ಮುಂದೆ ಅಂಗಡಿ, ಹಿಂದೆ ಮನೆ, ಎರಡಕ್ಕೂ ನಾನೊಬ್ಬಳೇ ಯಜಮಾನಿ. ಮೇಲಿನ ಹಲಗೆಯಿಂದ ಬಟ್ಟೆಯ ಥಾನು ಎಳೆಯಲು ಹೋಗಿ ಸ್ಟೂಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡೆ. ಸ್ವಲ್ಪ ಹೊತ್ತು ನೆಲದ ಮೇಲಿದ್ದೆ, ಆಮೇಲೆ ಮಗಳು ಬಂದಳು. ಅದಕ್ಕೇ ಇಷ್ಟೆಲ್ಲ ರಾದ್ಧಾಂತ. ಪಟ್ಟಿ ಬಿಚ್ಚಿಯಾಗಿದೆ, ಆದರೆ ಕೈಗೆ ಕತ್ತರಿ ಹಿಡಿಯಲು ಬಂದ ದಿನವೇ ನಾನು ಮನೆಗೆ ಹೋಗಬಹುದಂತೆ. ಅಲ್ಲಿಯವರೆಗೆ ಮಗಳ ಮನೆಯೇ ಗತಿ, ಅಂಗಡಿಯ ಕೀಲಿ ಅವಳ ಚೀಲದಲ್ಲಿ.

ಮಗಳ ಮನೆ ಎಂದರೆ ನನ್ನ ಬೀಗಿತ್ತಿಯ ಮನೆಯೂ ಹೌದು. ಅಳಿಯನ ತಾಯಿ. ಅವಳ ಕೋಣೆಯಲ್ಲೇ ನನ್ನ ಮಂಚ ಹಾಕಿದ್ದಾರೆ. ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಮಾತಾಡಿದರೆ ಪಕ್ಕದ ದಿಂಬಿಗೂ ಕೇಳಿಸುವುದಿಲ್ಲ. ನಲ್ಲಿ ತಿರುಗಿಸುವಾಗಲೂ ಅದಕ್ಕೊಮ್ಮೆ ದಯವಿಟ್ಟು ಎನ್ನುತ್ತಾಳೆ. ಇಂಥವಳ ಜೊತೆ ಜಗಳವಾಡುವುದೆಂದರೆ ಹತ್ತಿಯ ಮೂಟೆಗೆ ಗುದ್ದಿದಂತೆ.

ಪುಟ ತುಂಬಿತು. ಕೈ ಉರಿಯುತ್ತಿದೆ.

ಮಾರ್ಚ್ 5, ಗುರುವಾರ

ನಮ್ಮ ಕೋಣೆಯ ಕಿಟಕಿಯ ಹೊರಗೆ, ಮೇಲಿನ ಸಜ್ಜದ ತಳಕ್ಕೆ ಕಣಜದ ಹುಳಗಳು ಗೂಡು ಕಟ್ಟುತ್ತಿವೆ. ಈಗ ಕೋಟಿನ ಗುಂಡಿಯಷ್ಟಿದೆ. ಚಪ್ಪಲಿ ಕೊಡಿ, ಒಂದೇಟಿಗೆ ಮುಗಿಸುತ್ತೇನೆ ಎಂದೆ. ಅಳಿಯ ಬೇಡ ಅತ್ತೆ ಎಂದು ಮೊಬೈಲು ತೆಗೆದು ಅದರಲ್ಲಿ ಕಣಜದ ಜಾತಿ ಹುಡುಕುತ್ತ ನಿಂತ. ಅವನು ವಿಮಾ ಕಚೇರಿಯಲ್ಲಿರುವವನು. ಮನೆಗೆ ಬೆಂಕಿ ಬಿದ್ದರೂ ಮೊದಲು ಅದರ ಕಾರಣ ಬರೆದುಕೊಳ್ಳುವ ಪೈಕಿ.

ಬೀಗಿತ್ತಿ, ಪಾಪ, ಅವೂ ಬದುಕಬೇಕಲ್ಲ, ಇರಲಿ ಬಿಡಿ ಎಂದಳು. ಹಾಗಾದರೆ ಚಾಪೆ ಹಾಸಿ ನೀರು ಕೊಡೋಣವೇ ಎಂದು ಕೇಳಿದೆ. ಅವಳು ಯೋಚನೆ ಮಾಡಿದಳು. ನಿಜವಾಗಿ ಯೋಚನೆ ಮಾಡಿದಳು.

ಮಾರ್ಚ್ 9, ಸೋಮವಾರ

ಗುಂಡಿಯಷ್ಟಿದ್ದದ್ದು ತಟ್ಟೆಯಷ್ಟಾಗಿದೆ. ಅಳಿಯ ಮೂರು ದಿನ ವಿಚಾರ ಮಾಡಿ ಕೊನೆಗೆ ಕಿಟಕಿಯ ಸಂದಿಗೆಲ್ಲ ಅಂಟುಪಟ್ಟಿ ಮೆತ್ತಿ ಹೋದ. ಹುಳ ಹೊರಗೆ, ನಾವು ಒಳಗೆ. ಯಾರನ್ನು ಕೂಡಿಹಾಕಿದ ಎಂದು ಕೇಳಿದ್ದಕ್ಕೆ ಮಗಳು ನನ್ನನ್ನೇ ಗದರಿದಳು.

ಕೋಣೆ ಇಸ್ತ್ರಿಪೆಟ್ಟಿಗೆಯಂತೆ ಕಾಯುತ್ತದೆ. ನನಗೆ ಗಾಳಿ ಬೇಕು, ಬೀಗಿತ್ತಿಗೆ ಗಾಳಿ ಬಡಿದರೆ ನೆಗಡಿ. ಇದೇ ವಿಷಯಕ್ಕೆ ನಿನ್ನೆ ಅವಳಿಗೆ ಬಾಯಿಗೆ ಬಂದಂತೆ ಅಂದೆ. ಅವಳು ಕೇಳಿಸಿಕೊಂಡಳು, ಅಷ್ಟೇ. ಕೇಳಿಸಿಕೊಳ್ಳುವುದಕ್ಕೇ ಸಂಬಳ ತೆಗೆದುಕೊಂಡವಳು. ಬೆಳಿಗ್ಗೆ ಎದ್ದು ನೋಡಿದರೆ ಅಂಟುಪಟ್ಟಿ ಕಿತ್ತು, ನನ್ನ ಮಂಚದ ಕಡೆಯ ಕಿಟಕಿ ಎರಡು ಬೆರಳು ತೆರೆದಿತ್ತು. ಯಾರ ಕೆಲಸವೋ. ಬೀಗಿತ್ತಿ ಕಂಬಳಿ ಸುತ್ತಿಕೊಂಡು ಸೀನುತ್ತಿದ್ದಳು. ನೆಗಡಿಯ ಮೈಯೇ ಅಂಥದು.

ಮಾರ್ಚ್ 12, ಗುರುವಾರ

ಕತ್ತರಿ ಹಿಡಿದು ನೋಡಿದೆ. ಬಿತ್ತು. ಇವತ್ತು ಬರೆಯುವುದಿಲ್ಲ.

ಮಾರ್ಚ್ 14, ಶನಿವಾರ

ಕೆಲಸವಿಲ್ಲದ ಆಚಾರಿ ಮಗನ ಕುಂಡೆ ಕೆತ್ತಿದನಂತೆ. ನಾನು ಕಿಟಕಿಯ ಗಾಜಿಗೆ ಮೂಗೊತ್ತಿ ಹುಳ ನೋಡುತ್ತ ಕೂತಿದ್ದೇನೆ. ಕೆಳಗೆ ಯಾರೋ ಎಸೆದ ಹಳೆಯ ಬಾಗಿಲಿದೆ. ಹುಳ ಹೋಗಿ ಅದರ ಮರ ಕೆರೆದು, ಬಾಯಲ್ಲಿ ಅಗಿದು, ಉಂಡೆ ಮಾಡಿ ತಂದು ಮೆತ್ತುತ್ತದೆ. ಒಣಗಿದರೆ ಕಾಗದ. ಆರು ಮೂಲೆಯ ಮನೆ, ಒಂದರ ಗೋಡೆಯೇ ಇನ್ನೊಂದಕ್ಕೂ ಗೋಡೆ, ಬಟ್ಟೆ ಒಂದು ಚೂರೂ ಪೋಲಿಲ್ಲ. ನನ್ನ ಕೈಕೆಳಗೆ ಕಲಿತ ಯಾರೂ ಇಷ್ಟು ಚೊಕ್ಕ ಕತ್ತರಿಸಿದ್ದಿಲ್ಲ. ಹಾಗಂತ ಜೋರಾಗಿಯೇ ಹೇಳಿಬಿಟ್ಟೆನೇನೋ, ಬೀಗಿತ್ತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಒಂದು ಹುಳಕ್ಕೆ ಮೇಲ್ವಿಚಾರಕಿ ಎಂದು ಹೆಸರಿಟ್ಟಳು. ಅವಳ ಎಕ್ಸ್‌ಚೇಂಜಿನಲ್ಲೂ ಹೀಗೇ ಸೊಂಟ ಸಣ್ಣಗಿದ್ದು ಕೊಂಡಿ ದೊಡ್ಡದಿದ್ದವಳೊಬ್ಬಳು ಇದ್ದಳಂತೆ. ನಗು ಬಂತು. ತಡೆದುಕೊಂಡೆ.

ಆಮೇಲೆ ಅವಳು ಬಾಗಿಲು ಹಾಕಿ ಬಂದು ಹೇಳಿದ ಮಾತಿಗೆ ನಗು ಹಾರಿಹೋಯಿತು.

"ನಾನು ಬೇಕೂಂತ ಕೇಳಿಸ್ಕೊಂಡಿದ್ದಲ್ಲ. ಕಿವಿಗೆ ಅಭ್ಯಾಸ. ನಿಮ್ಮ ಮಗಳು ಫೋನಲ್ಲಿ ಮಾತಾಡ್ತಿದ್ದಳು. ಮೊಬೈಲ್ ರಿಪೇರಿಯವನು ಯಾರೋ ಅಂಗಡಿ ನೋಡೋಕೆ ಬರ್ತಾನಂತೆ. ಬರೋ ಶನಿವಾರ ಬೆಳಿಗ್ಗೆ."

"ಯಾವ ಅಂಗಡಿ?"

"ನಿಮ್ದು."

ಮಾರ್ಚ್ 15, ಭಾನುವಾರ

ಕತ್ತರಿ ಹಿಡಿದ ದಿನ ಮನೆಗೆ ಕಳಿಸುತ್ತೇನೆ ಎಂದವಳು ಮನೆಯನ್ನೇ ಕತ್ತರಿಸಿ ಕೊಡಲು ಹೊರಟಿದ್ದಾಳೆ. ನಾನು ಹೆತ್ತವಳು, ನನ್ನ ಕಣ್ಣಿಗೇ ಮಣ್ಣೆರಚುತ್ತಾಳೆ. ಇಡೀ ದಿನ ನನಗೆ ಬೇಕಾದ ಔಷಧಿ, ಬೇಕಾದ ದಿಂಬು ಎಂದು ಓಡಾಡಿದಳು. ಮುಖ ನೋಡಿದರೆ ಬೆಣ್ಣೆ. ಕೂಗಾಡಿಬಿಡೋಣ ಎಂದು ಎದ್ದೆ. ಬೀಗಿತ್ತಿ ನನ್ನ ತೋಳು ಹಿಡಿದು ಕೂರಿಸಿದಳು. ಕೂಗಾಡಿದರೆ ಅವರು ಹುಷಾರಾಗುತ್ತಾರೆ, ಬೇರೆ ದಿನ ಬೇರೆಯವನನ್ನು ಕರೆದು ತೋರಿಸುತ್ತಾರೆ ಎಂದಳು.

"ಬಾಡಿಗೆಗೆ ಬರೋನಿಗೆ ಅಂಗಡಿ ಹಿಡಿಸ್ಬಾರ್ದು. ಅಷ್ಟೇ ತಾನೆ ನಿಮಗೆ ಬೇಕಾಗಿರೋದು?"

ಹೇಳಿ ಮೆಲ್ಲಗೆ ಕಿಟಕಿಯ ಕಡೆ ನೋಡಿದಳು. ನಾನೂ ನೋಡಿದೆ. ಮೇಲ್ವಿಚಾರಕಿ ಗಾಜಿನ ಮೇಲೆ ಕೂತು ಮೀಸೆ ಒರೆಸಿಕೊಳ್ಳುತ್ತಿದ್ದಳು.

ಇಂಥ ಯೋಚನೆ ನನ್ನ ತಲೆಗೆ ಬರಬೇಕಿತ್ತು. ಬಂದದ್ದು ದಯವಿಟ್ಟು ಎನ್ನುವವಳ ತಲೆಗೆ. ಮೆತ್ತಗಿರುವವರನ್ನು ನಂಬಬಾರದು ಎಂದು ನನ್ನ ಅವ್ವ ಹೇಳುತ್ತಿದ್ದಳು. ಸುಮ್ಮನೆ ಹೇಳುತ್ತಿರಲಿಲ್ಲ.

ಮಾರ್ಚ್ 17, ಮಂಗಳವಾರ

ಅಳತೆ ತೆಗೆದುಕೊಂಡೆ. ಗಾಜಿನ ಈಚೆಯಿಂದ, ಕಣ್ಣಳತೆಯಲ್ಲೇ. ದಪ್ಪ ಬಟ್ಟೆ ಬೇಕಿತ್ತು, ಅಳಿಯನ ಹಳೆಯ ಪ್ಯಾಂಟಿನ ಕಾಲು ಸಿಕ್ಕಿತು. ಅದು ಹಳೆಯದೆಂದು ನಾವಿಬ್ಬರೂ ತೀರ್ಮಾನಿಸಿದೆವು. ಬಟ್ಟೆಯನ್ನು ಬೀಗಿತ್ತಿ ಕತ್ತರಿಸಿಕೊಟ್ಟಳು, ನಾನು ಸೂಜಿ ಹಿಡಿದೆ. ತಳ ದುಂಡಗೆ, ಬಾಯಿಗೆ ಲಾಡಿ. ಗೂಡಿನ ಕೆಳಗಿಂದ ಏರಿಸಿ ಲಾಡಿ ಎಳೆದರೆ ಮುಗಿಯಿತು, ಹುಳದ ಸಮೇತ ಗೂಡು ಅಂಗಡಿಗೆ. ಗೂಡು ಬೆಳೆಯುವ ಪ್ರಾಯದ್ದು, ಅದಕ್ಕೇ ಸುತ್ತ ಎರಡು ಬೆರಳು ಹೆಚ್ಚಿಗೆ ಬಿಟ್ಟಿದ್ದೇನೆ.

ಮಗಳು ಬಂದು, ಅಮ್ಮ ಹೊಲೀತಿದ್ದಾಳೆ ಎಂದು ಸಂತೋಷಪಟ್ಟಳು. ಏನದು ಎಂದಳು. ಟೋಪಿ ಎಂದೆ. ಯಾರಿಗೆ ಎಂದಳು. ನಿಮಗೇ ಕಣೇ, ಇನ್ಯಾರಿಗೆ ಎಂದೆ. ಬೀಗಿತ್ತಿ ಕೆಮ್ಮುತ್ತ ಕೋಣೆಯಿಂದ ಹೊರಗೆ ಹೋದಳು.

ಮಾರ್ಚ್ 18, ಬುಧವಾರ

ಹಾಳಾದವನು ಅಳಿಯ ಕೊನೆಗೂ ಒಂದು ಕೆಲಸ ಮಾಡಿದ. ಹುಳ ಹೊಡೆಯುವ ಕಂಪನಿಯವರನ್ನು ಗೊತ್ತುಮಾಡಿದ್ದಾನೆ. ಅವರು ಬರುವುದು ಶನಿವಾರ ಮಧ್ಯಾಹ್ನ. ಅಷ್ಟರೊಳಗೆ ನಮ್ಮ ಹುಳ ನಮ್ಮ ಚೀಲದಲ್ಲಿರಬೇಕು. ನಮ್ಮ ಹುಳ ಎಂದು ಬರೆದಿದ್ದೇನೆ, ಹೊಡೆದುಹಾಕಬೇಕು. ಇರಲಿ, ಪುಟ ಗಲೀಜಾಗುತ್ತದೆ.

ಮಾರ್ಚ್ 20, ಶುಕ್ರವಾರ

ಮಗಳೂ ಅಳಿಯನೂ ತರಕಾರಿಗೆ ಹೋಗಿದ್ದಾಗ, ಹೊತ್ತು ಮುಳುಗಿ ಹುಳಗಳೆಲ್ಲ ಗೂಡಿಗೆ ಬಂದು ಕೂತ ಮೇಲೆ ಕೆಲಸ ಮುಗಿಸಿದೆವು. ಇಬ್ಬರೂ ಕಂಬಳಿ ಹೊದ್ದು, ತಲೆಯ ಮೇಲೆ ಸೊಳ್ಳೆಪರದೆ ಇಳಿಬಿಟ್ಟುಕೊಂಡಿದ್ದೆವು. ಆಗ ಯಾರಾದರೂ ಒಳಗೆ ಬಂದಿದ್ದರೆ ಹುಳಕ್ಕಿಂತ ಮೊದಲು ನಮ್ಮನ್ನು ಹಿಡಿಸಿ ಕಳಿಸುತ್ತಿದ್ದರು.

ಚೀಲ ಏರಿಸಿದ್ದು ಬೀಗಿತ್ತಿ. ಕಿಟಕಿಯಿಂದ ಕೈ ಚಾಚಿ, ಒಂದಿಷ್ಟೂ ನಡುಗದೆ. ಜೀವಮಾನವೆಲ್ಲ ಸಣ್ಣ ಸಣ್ಣ ತೂತಿಗೆ ತಂತಿ ಚುಚ್ಚಿದ ಕೈ ಅದು. ಗೂಡಿಗೆ ಚೀಲ ಸೋಕದಂತೆ ಏರಿಸಿ, "ದಯವಿಟ್ಟು ಒಳಗೇ ಇರಿ" ಎಂದು ಅವಕ್ಕೂ ಹೇಳಿ ಲಾಡಿ ಎಳೆದಳು. ಗೂಡಿನ ತೊಟ್ಟು ನಾನು ಕತ್ತರಿಸಿದೆ. ಒಂದೇ ಕಚ್ಚು, ಕಚಕ್ ಎಂದಿತು. ಕತ್ತರಿ ಹಳೆಯದಾದರೂ ಸಾಣೆ ಚೆನ್ನಾಗಿದೆ.

ಚೀಲ ಬಕೆಟ್ಟಿನಲ್ಲಿ, ಮುಚ್ಚಳ ಹಾಕಿದ ಬಕೆಟ್ಟು ಅವಳ ಮಂಚದ ಕೆಳಗೆ. ನನ್ನ ಮಂಚದ ಕೆಳಗೇ ಇರಲಿ ಎಂದೆ. ನಿಮಗೆ ಸರಿಯಾಗಿ ನಿದ್ದೆ ಬರಲ್ಲ, ಸದ್ದು ಮಾಡ್ತವೆ ಎಂದಳು. ವಾದ ಮಾಡಲು ಹೊತ್ತಿರಲಿಲ್ಲ. ಅಂಗಡಿಯ ಕೀಲಿಯನ್ನೂ ಅವಳೇ ಸೊಸೆಯ ಚೀಲದಿಂದ ತೆಗೆದಿದ್ದಾಳೆ.

ಮಾರ್ಚ್ 21, ಶನಿವಾರ

ಎಡಗಣ್ಣು ಮುಚ್ಚಿಹೋಗಿದೆ. ಬಲಗಣ್ಣಲ್ಲೇ ಬರೆಯುತ್ತಿದ್ದೇನೆ. ಮರೆಯುವ ಮೊದಲು ಎಲ್ಲ ಬರೆದಿಡಬೇಕು.

ಆಸ್ಪತ್ರೆಗೆ ಹೋಗಿ ಬರುತ್ತೇವೆ ಎಂದು ಹೇಳಿ ಆಟೋ ಹತ್ತಿದೆವು. ಬಕೆಟ್ಟು ತೆಗೆದುಕೊಂಡು ಹೋದರೆ ಅನುಮಾನ ಬರುತ್ತದೆಂದು ಚೀಲವನ್ನು ಬೀಗಿತ್ತಿ ಕೈಯಲ್ಲೇ ಹಿಡಿದಿದ್ದಳು, ಪಕ್ಕದ ಮನೆಗೆ ಹಣ್ಣು ಕೊಂಡುಹೋಗುವವಳ ಹಾಗೆ. ಮಾರ್ಕೆಟ್ಟಿನ ಹತ್ತಿರದ ಹಂಪ್ ಬಂತು. ಆಟೋದವನು ನಿಧಾನ ಮಾಡಲಿಲ್ಲ. ಚೀಲ ಎಗರಿತು. ಪರ್ ಎಂದು ಸಣ್ಣ ಸದ್ದು ಕೇಳಿಸಿತು. ಆ ಸದ್ದು ನನಗೆ ಚೆನ್ನಾಗಿ ಗೊತ್ತು.

ನಾನು ಹಾಕಿದ್ದು ಕಚ್ಚಾ ಹೊಲಿಗೆ. ಉದ್ದುದ್ದ ಎಳೆ, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ತೊಡಿಸಿ ನೋಡದೆ ಗಟ್ಟಿ ಹೊಲಿಗೆ ಹಾಕಬಾರದು, ಅದು ನಾನು ಕಲಿತ ಮೊದಲ ಪಾಠ. ಮದುವೆಯ ಕೋಟಾಗಲಿ ದಿಂಬಿನ ಚೀಲವಾಗಲಿ, ಟ್ರಯಲ್ ಆಗದೆ ನಾನು ಮಿಷನ್ನು ತುಳಿದವಳಲ್ಲ. ಕಣಜದ ಗೂಡಿಗೂ ಟ್ರಯಲ್ ಇಟ್ಟುಕೊಂಡಿದ್ದೆ. ಶುಕ್ರವಾರ ಆದದ್ದೇ ಟ್ರಯಲ್. ಆಮೇಲೆ ಗಟ್ಟಿ ಹೊಲಿಗೆ ಹಾಕಬೇಕಿತ್ತು. ಬಿಚ್ಚಿ ಕೊಡಿ, ಹೊಲಿದು ಕೊಡುತ್ತೇನೆ ಎಂದು ಯಾವ ಗಿರಾಕಿಗೆ ಹೇಳಲಿ?

ಮೊದಲು ಹೊರಗೆ ಬಂದವಳು ಮೇಲ್ವಿಚಾರಕಿಯೇ ಇರಬೇಕು. ನೇರ ಹೋಗಿ ಆಟೋದವನ ಕನ್ನಡಿಯ ಮೇಲೆ ಕೂತಳು. ಅವನು ಕನ್ನಡಿ ನೋಡಿದ, ಹಿಂದೆ ತಿರುಗಿ ನಮ್ಮನ್ನು ನೋಡಿದ, ಗಾಡಿ ನಿಲ್ಲಿಸಿ ಹಾರಿದ. ನಾನು ಚೀಲದ ತೂತು ಮುಚ್ಚಲು ಹೋದೆ. ದರ್ಜಿಯ ಬುದ್ಧಿ, ಬಟ್ಟೆ ಬಿಟ್ಟರೆ ಅದಕ್ಕೆ ಬೇರೆ ಏನೂ ತೋಚುವುದಿಲ್ಲ. ಆಗ ನನ್ನ ಕಿವಿಯ ಪಕ್ಕದಲ್ಲಿ ಯಾರೋ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದರು.

"ಇಳಿಯೇ ಕೆಳಗೆ, ಮಂಕೇ! ಚೀಲ ಬಿಡೇ!"

ಬೀಗಿತ್ತಿ. ಅಂಥ ಗಂಟಲು ಇಷ್ಟು ದಿನ ಎಲ್ಲಿಟ್ಟಿದ್ದಳೋ. ಗಂಡ ಹೋದ ಮೇಲೆ ನನ್ನನ್ನು ಹಾಗೆ ಹೋಗೇ ಬಾರೇ ಎಂದವರು ಯಾರೂ ಇರಲಿಲ್ಲ. ಬೆಪ್ಪಾಗಿ ಕೂತಿದ್ದೆ, ರಟ್ಟೆ ಹಿಡಿದು ಎಳೆದು ಹಾಕಿದಳು. ನನ್ನ ಮುಖಕ್ಕೆ ತನ್ನ ಶಾಲು ಮುಚ್ಚಿದಳು. ಅದಕ್ಕೇ ನನಗೆ ಹುಳದ ಕಡಿತ ಕಣ್ಣಿನ ಹತ್ತಿರ ಮಾತ್ರ ಬಿತ್ತು, ಅವಳಿಗೆ ತುಟಿಗೆ, ಗಲ್ಲಕ್ಕೆ, ಕಿವಿಗೆ. ಆಟೋದವನಿಗೆ ಒಂದೇ, ಕತ್ತಿನ ಹಿಂದೆ. ಅವನಿಗೆ ಒಂದು ಅಂಗಿ ಹೊಲಿದುಕೊಡುತ್ತೇನೆ ಎಂದು ಮಾತು ಕೊಟ್ಟು ಸಮಾಧಾನ ಮಾಡಿದೆ.

ಹುಳಗಳು ಮಾರ್ಕೆಟ್ಟಿನ ಮರದ ಕಡೆ ಹೋದವು. ಚೀಲದಲ್ಲಿ ಉಳಿದದ್ದು ಬರಿ ಗೂಡು. ಬೀಗಿತ್ತಿ ಊದಿದ ತುಟಿಯಲ್ಲಿ ಏನೋ ಹೇಳಿ ಅಂಗಡಿಯ ದಾರಿ ತೋರಿಸಿದಳು. ಇಲ್ಲಿಯವರೆಗೆ ಬಂದು ವಾಪಸು ಹೋಗುವುದಿಲ್ಲ ಎಂದಿರಬೇಕು.

ಅಂಗಡಿ ತೆರೆದು, ಬರಿ ಗೂಡನ್ನೇ ದಾರದಲ್ಲಿ ಕಟ್ಟಿ ಬಾಗಿಲ ಮೇಲೆ ತೂಗುಹಾಕಿ, ಇಬ್ಬರೂ ಎರಡು ಸ್ಟೂಲಿನ ಮೇಲೆ ಕೂತೆವು. ಅಷ್ಟು ಹೊತ್ತಿಗೆ ಮಗಳು ಮೊಬೈಲಿನವನ ಜೊತೆ ಬಂದಳು. ಕೀಲಿ ಕಾಣದೆ ಚೀಲ ತಡಕುತ್ತಿದ್ದಳು, ತೆರೆದ ಬಾಗಿಲು ನೋಡಿ ನಿಂತಳು. ಮೊಬೈಲಿನವನು ಮೇಲೆ ಗೂಡು ನೋಡಿದ. ಕೆಳಗೆ ನನ್ನ ಕಣ್ಣು ನೋಡಿದ. ಬೀಗಿತ್ತಿಯ ತುಟಿ ನೋಡಿದ. ಅವಳು ಅವನಿಗೆ ದಯವಿಟ್ಟು ಒಳಗೆ ಬನ್ನಿ ಎನ್ನಲು ಹೋದಳು. ಬಾಯಿಂದ ಏನು ಬಂತೋ, ಅವನು ಹೋದ. ಹುಳ ಇಲ್ಲದಿದ್ದರೇನು, ನಮ್ಮ ಮುಖ ಇತ್ತು.

ನಾನು ಗೆದ್ದೆ ಎಂದು ಮಗಳ ಕಡೆ ನೋಡಿದೆ. ಅವಳು ಬೈಯಲಿಲ್ಲ. ಗೋಡೆಗೆ ಒರಗಿ ಅಳಲು ಶುರುಮಾಡಿದಳು.

"ಅಮ್ಮ, ನೀನು ಬಿದ್ದ ದಿನ ಎಷ್ಟು ಹೊತ್ತು ಇಲ್ಲಿ ನೆಲದ ಮೇಲಿದ್ದೆ ಗೊತ್ತಾ? ಬೆಳಿಗ್ಗೆ ಬಿದ್ದವಳು, ನಾನು ಬಂದಿದ್ದು ಸಾಯಂಕಾಲ. ಮುಚ್ಚಿದ ಬಾಗಿಲ ಮುಂದೆ ಜನ ಓಡಾಡ್ತಾನೇ ಇದ್ರು. ನೀನು ಕೂಗಿದ್ದು ಯಾರಿಗೂ ಕೇಳಿಸ್ಲಿಲ್ಲ. ನಿನ್ನ ಅಂಗಡಿ ನನಗ್ಯಾಕೆ? ನೀನು ಇಲ್ಲಿ ಒಬ್ಬಳೇ ಇರೋದು ನನ್ನಿಂದ ಆಗಲ್ಲ, ಅಷ್ಟೇ."

ಸ್ವಲ್ಪ ಹೊತ್ತು ಎಂದೇ ನಾನು ಎಲ್ಲರಿಗೂ ಹೇಳಿದ್ದೆ. ಇಲ್ಲೂ ಹಾಗೇ ಬರೆದಿದ್ದೇನೆ, ಮೊದಲ ಪುಟದಲ್ಲಿದೆ. ಗಡಿಯಾರ ನನಗೂ ಕಾಣುತ್ತಿತ್ತು.

ಮಗಳಿಗೆ ಮೂಗು ಒರೆಸಿಕೋ ಎಂದೆ, ಅಷ್ಟೇ.

ಮಾರ್ಚ್ 22, ಭಾನುವಾರ

ಕಂಪನಿಯವರು ನಿನ್ನೆ ಮಧ್ಯಾಹ್ನ ಬಂದು ಹುಡುಕಿದರೂ ಗೂಡು ಸಿಗಲಿಲ್ಲವಂತೆ. ಅಳಿಯ ತನ್ನ ಅಂಟುಪಟ್ಟಿಯಿಂದಲೇ ಹುಳ ಓಡಿಹೋದವು ಎಂದು ಮನೆಯೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ಪ್ಯಾಂಟು ಹುಡುಕುವವರೆಗೆ ಸಂತೋಷವಾಗಿರಲಿ.

ಬೀಗಿತ್ತಿಯ ಮುಖ ಕುಂಬಳಕಾಯಿ. ಮಾತಾಡಲು ಬರುವುದಿಲ್ಲ, ಗಂಜಿ ಮಾತ್ರ ಇಳಿಯುತ್ತದೆ. ನಾನೇ ಚಮಚದಲ್ಲಿ ಕುಡಿಸಿದೆ, ಮಗಳು ಕುಡಿಸಿದರೆ ಮೈಯೆಲ್ಲ ಚೆಲ್ಲುತ್ತಾಳೆ. ಕೋಣೆ ಸದ್ದಿಲ್ಲದೆ ಬಿಕೋ ಎನ್ನುತ್ತಿದೆ. ಮೊದಲೂ ಅವಳ ಮಾತು ಕೇಳಿಸುತ್ತಿರಲಿಲ್ಲ, ಈಗ ಇದೇನು ಹೊಸದಾಗಿ.

ಮಾರ್ಚ್ 24, ಮಂಗಳವಾರ

ಆಸ್ಪತ್ರೆಯ ಹುಡುಗಿ ಕಾಗದ ಕೊಟ್ಟು ಕತ್ತರಿಸಿ ಎಂದಳು. ಕತ್ತರಿಸಿದೆ. ಗೂಡಿನ ಹಾಗೆ ಆರು ಮೂಲೆ ಮಾಡಿ ಕೊಟ್ಟೆ. ಅಜ್ಜಿ, ಕೈ ಯಾವಾಗ ಸರಿಹೋಯ್ತು ಎಂದಳು. ನನಗೇನು ಗೊತ್ತು. ಪುಸ್ತಕ ತಿರುವಿ, ಒಂದು ಪುಟ ಬರೆಯಿರಿ ಎಂದಿದ್ದೆ, ಶನಿವಾರ ಎಷ್ಟೊಂದು ಬರೆದಿದ್ದೀರಿ ಎಂದಳು. ಪೆನ್ನು ಒಳ್ಳೆಯದಿತ್ತು ಎಂದೆ.

ಮನೆಗೆ ಬಂದು ಮಗಳಿಗೆ ಕತ್ತರಿ ಆಡಿಸಿ ತೋರಿಸಿದೆ. ಅವಳು, ಹೋಗು, ಆದರೆ ಒಬ್ಬಳೇ ಅಲ್ಲ ಎಂದಳು. ಯಾರಾದರೂ ಜೊತೆಗಿದ್ದರೆ ಅಂಗಡಿ ನಿನ್ನದೇ, ಯಾರೂ ಸಿಗದಿದ್ದರೆ ಒಂದನೇ ತಾರೀಖು ಇನ್ನೊಬ್ಬ ನೋಡಲು ಬರುತ್ತಾನೆ ಎಂದಳು. ಕೆಲಸದವಳನ್ನು ಇಡೋಣವೇ ಎಂದು ಕೇಳಿದಳು. ನನ್ನ ಜೊತೆ ಯಾವಳು ಇರುತ್ತಾಳೆ? ಒಂದು ವಾರದಲ್ಲಿ ಓಡಿಹೋಗುತ್ತಾಳೆ. ನನ್ನ ಬಾಯಿ ತಡೆದುಕೊಳ್ಳಬೇಕೆಂದರೆ ಕೇಳಿಸಿಕೊಳ್ಳುವುದೇ ಕಸುಬಾಗಿರಬೇಕು. ಕೂಗಿದರೆ ಕೇಳಿಸುವ ಕಿವಿ ಇರಬೇಕು. ಬೇಕಾದಾಗ ಬೀದಿ ಅದುರಿಸುವ ಗಂಟಲೂ ಇರಬೇಕು. ಅಂಥವರೆಲ್ಲಿ ಸಿಗುತ್ತಾರೆ.

ಮಾರ್ಚ್ 25, ಬುಧವಾರ

ಬಾಯಿಬಿಟ್ಟು ಕೇಳೋಣ ಎಂದು ಮೂರು ಸಲ ಹತ್ತಿರ ಹೋದೆ. ಒಂದು ಸಲ ಗಂಜಿ ಬೇಕೇ ಎಂದೆ. ಒಂದು ಸಲ ಕಿಟಕಿ ಮುಚ್ಚಲೇ ಎಂದೆ. ಮೂರನೇ ಸಲ ಸುಮ್ಮನೆ ಬೈದು ಬಂದೆ. ಹೇಗೂ ಅವಳಿಗೆ ಉತ್ತರ ಹೇಳಲು ತುಟಿ ಇಲ್ಲ. ಅದಕ್ಕೇ ಇಲ್ಲಿ ಬರೆದು ನೋಡುತ್ತಿದ್ದೇನೆ. ಇದು ಕಚ್ಚಾ. ಸರಿಯಾಗಿ ಕೂತರೆ ಪುಟ ಹರಿದು ಅವಳ ದಿಂಬಿನ ಕೆಳಗೆ ಇಡುತ್ತೇನೆ.

ಬೀಗಿತ್ತಿಗೆ,

ನನ್ನ ಮನೆಯಲ್ಲಿ ಎರಡು ಮಂಚ ಹಾಕುವಷ್ಟು ಜಾಗವಿದೆ. ಕಿಟಕಿ ಎರಡಿವೆ, ನಿನ್ನ ಕಡೆಯದು ನೀನು ಮುಚ್ಚಿಕೋ, ನನ್ನ ಕಡೆಯದು ನಾನು ತೆರೆದುಕೊಳ್ಳುತ್ತೇನೆ. ಆವತ್ತು ರಾತ್ರಿ ತೆರೆದದ್ದು ನೀನೇ ಎಂದು ನನಗೆ ಗೊತ್ತು. ಬರುವ ಗಿರಾಕಿಗಳಿಗೆ ದಯವಿಟ್ಟು ಎನ್ನಲು ಒಬ್ಬರು ಬೇಕು, ನನಗೆ ಅದು ಬಾಯಿಗೆ ಬರುವುದಿಲ್ಲ. ಆಟೋದವನ ಅಂಗಿ ಬೇರೆ ಬಾಕಿ ಇದೆ. ಮೇಲಿನ ಹಲಗೆಗೆ ಇನ್ನು ನಾನು ಹತ್ತುವುದಿಲ್ಲ, ನೀನೂ ಹತ್ತಬೇಡ. ಗೂಡು ಇನ್ನೂ ಬಾಗಿಲ ಮೇಲೇ ತೂಗುತ್ತಿದೆ, ತೆಗೆದಿಲ್ಲ, ಬೇಕಿದ್ದರೆ ಬಂದು ನೋಡು. ನನಗೆ ಕೋಪ ಬರುತ್ತದೆ, ಅದು ಹೋಗುವುದಿಲ್ಲ. ಆದರೆ ಮಂಕೇ ಎಂದು ಕರೆಯಬಹುದು.

ಮೂವತ್ತೊಂದನೇ ತಾರೀಖು, ಮಂಗಳವಾರ, ಸಂಜೆಯೊಳಗೆ ಬರುತ್ತೀಯೋ ಇಲ್ಲವೋ ಹೇಳು.